ಕೂತಣ್ಣನ ಕಿರುಬೆರಳು

ಕೂತಣ್ಣ ಎಂಬ ಅಡ್ಡಹೆಸರನ್ನು ಅವನಿಗೆ ಇಟ್ಟವರು ಯಾರೋ ತಿಳಿಯದು. ಇಟ್ಟವರು ಒಂದೋ ಅವನನ್ನು ನೋಡಿಯೇ ಇರಲಿಲ್ಲ, ಇಲ್ಲವೇ ತುಂಬ ಚೆನ್ನಾಗಿ ನೋಡಿದ್ದರು. ಯಾಕೆಂದರೆ ಆ ಮನುಷ್ಯ ಹುಟ್ಟಿದಾಗಿನಿಂದ ಒಂದು ಕಡೆ ನೆಟ್ಟಗೆ ಕೂತವನಲ್ಲ. ಊಟಕ್ಕೆ ಕೂತರೆ ಉಪ್ಪು ತರಲು ಎದ್ದ; ಉಪ್ಪು ತಂದವನು ನೀರು ಮರೆತೆ ಎಂದು ಮತ್ತೆ ಎದ್ದ. ಕ್ಷೌರದ ಅಂಗಡಿಯವನು ಒಂದು ಕೈಯಲ್ಲಿ ಅವನ ಕಿವಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಕತ್ತರಿ ಎತ್ತುತ್ತಿದ್ದ. ಅಪ್ಪಿತಪ್ಪಿ ಕೂತ ಹೊತ್ತಿನಲ್ಲೂ ಅವನ ಮೊಣಕಾಲು ಹೊಲಿಗೆ ಮಿಷನ್ನಿನ ಹಾಗೆ ತಟತಟ ಕುಣಿಯುತ್ತಲೇ ಇರುತ್ತಿತ್ತು. ಅದಕ್ಕೊಂದು ದಾರ ಪೋಣಿಸಿದ್ದರೆ ಇಷ್ಟು ಹೊತ್ತಿಗೆ ಬೀದಿಗೆಲ್ಲ ಅಂಗಿ ಆಗುತ್ತಿತ್ತು ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಇಂಥವನ ಕಸುಬೇ ಕೂರುವುದು.

ಆ ಊರಿನಲ್ಲಿ ಒಬ್ಬನಿಗೆ ವಿದ್ಯೆ ಇದೆಯೋ ಇಲ್ಲವೋ ಎಂಬುದನ್ನು ಅವನ ಬಾಯಿ ತೆರೆಸಿ ಪರೀಕ್ಷೆ ಮಾಡುವ ಪದ್ಧತಿ ಇರಲಿಲ್ಲ. ಅವನ ಮನೆಯ ಗೋಡೆ ನೋಡಿದರೆ ಸಾಕಿತ್ತು. ದೊಡ್ಡ ಪಂಡಿತರು ತಮ್ಮ ಮುಖವನ್ನು ತಾಮ್ರದ ತಗಡಿನ ಮೇಲೆ ಕೆತ್ತಿಸಿ, ಮಸಿ ತುಂಬಿಸಿ, ದಪ್ಪ ಕಾಗದದ ಮೇಲೆ ಒತ್ತಿಸಿ, ಕಟ್ಟು ಹಾಕಿಸಿ ಮುಂದಿನ ಕೋಣೆಯಲ್ಲಿ ತೂಗುಹಾಕುತ್ತಿದ್ದರು. ಪಾಂಡಿತ್ಯ ಸಾಲದವರು ಬೇರೆಯವರ ಮುಖ ಕೊಂಡು ತೂಗುಹಾಕುತ್ತಿದ್ದರು. ವಕೀಲರ ಕೋಣೆಯಲ್ಲಿ ತರ್ಕದ ಪಂಡಿತರು, ವೈದ್ಯರ ಕೋಣೆಯಲ್ಲಿ ದೇಹಶಾಸ್ತ್ರದ ಪಂಡಿತರು, ಹಲ್ಲು ಕೀಳುವವರ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡಿರುವ ಯಾರಾದರೂ ಪಂಡಿತರು. ಫೋಟೋ ಯಾಕೆ ಆಗದು ಎಂದರೆ ಅದಕ್ಕೂ ಉತ್ತರ ಸಿದ್ಧವಿತ್ತು: ಫೋಟೋವನ್ನು ಯಾರು ಬೇಕಾದರೂ ತೆಗೆಸಿಕೊಳ್ಳಬಹುದು, ಕಳ್ಳನದ್ದನ್ನು ಪೊಲೀಸರೇ ತೆಗೆಸುತ್ತಾರೆ. ಕೆತ್ತನೆ ಹಾಗಲ್ಲ.

ಕೆತ್ತನೆಯ ಅಂಗಡಿ ಅಂಚೆ ಕಚೇರಿಯ ಹಿಂದಿನ ಗಲ್ಲಿಯಲ್ಲಿತ್ತು. ಒಂದು ಕೋಣೆಯಲ್ಲಿ ಕಿಟಕಿಗೆ ಮೂಗು ತಾಗಿಸಿ ಕೂತ ಕೆತ್ತನೆಗಾರ, ಇನ್ನೊಂದರಲ್ಲಿ ತಗಡನ್ನೂ ಒದ್ದೆ ಕಾಗದವನ್ನೂ ಒಟ್ಟಿಗೆ ನುಂಗಿ ಆಚೆ ಉಗುಳುವ ಎರಡು ರೋಲರಿನ ಒತ್ತುಯಂತ್ರ. ಮೊದಲು ಕೂತಣ್ಣ ಅಲ್ಲಿ ತಗಡಿಗೆ ಮಸಿ ಬಳಿದು ಒರೆಸುವವನಾಗಿದ್ದ. ಒಂದು ದಿನ ಅವನ ಎಡಗೈಯ ಕಿರುಬೆರಳೂ ತಗಡಿನ ಜೊತೆ ರೋಲರಿನೊಳಗೆ ಹೋಯಿತು. ಬೆರಳು ಉಳಿಯಿತು, ಆದರೆ ಕೊಕ್ಕೆಯ ಹಾಗೆ ಬಗ್ಗಿ ಉಳಿಯಿತು. ಇನ್ನು ಇವನನ್ನು ಯಂತ್ರದ ಹತ್ತಿರ ಬಿಡಬಾರದೆಂದು ಕೆತ್ತನೆಗಾರ ಅವನನ್ನು ಕುರ್ಚಿಯ ಮೇಲೆ ಕೂರಿಸಿದ.

ಸಂಗತಿ ಏನೆಂದರೆ, ಪಂಡಿತರಿಗೆ ಬಂದು ದಿನಗಟ್ಟಲೆ ಕೂರಲು ಪುರುಸೊತ್ತಿರಲಿಲ್ಲ. ಅವರು ಮುಖದ ಒಂದು ಫೋಟೋ ಕಳಿಸಿಬಿಡುತ್ತಿದ್ದರು. ಕತ್ತಿನಿಂದ ಕೆಳಗಿನದಕ್ಕೆಲ್ಲ ಕೂತಣ್ಣನೇ ಗತಿ. ರುಂಡ ಅವರದು, ಮುಂಡ ಇವನದು. ಕರಿಯ ನಿಲುವಂಗಿ ತೊಟ್ಟು, ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂತು, ಒಂದು ದಪ್ಪ ಗ್ರಂಥದ ಮೇಲೆ ಎಡಗೈ ಇಟ್ಟುಕೊಂಡು ಇರಬೇಕು. ಗ್ರಂಥ ಎಂದರೆ ಗ್ರಂಥವಲ್ಲ, ಗ್ರಂಥದ ಆಕಾರದ ಮರದ ಡಬ್ಬಿ. ಒಳಗೆ ಕೂತಣ್ಣನ ಕಡಲೆಕಾಯಿ ಇರುತ್ತಿತ್ತು. ಮೊಣಕಾಲು ಕುಣಿಯದಂತೆ ಕೆತ್ತನೆಗಾರ ಅದನ್ನು ನಿಲುವಂಗಿಯ ಒಳಗೆ ಟವೆಲಿನಿಂದ ಕುರ್ಚಿಯ ಕಾಲಿಗೆ ಕಟ್ಟುತ್ತಿದ್ದ. ಹಾಗಾಗಿ ಆ ಊರಿನ ಪಾಂಡಿತ್ಯವೆಲ್ಲ, ನೋಡಿದವರಿಗೆ ಗೊತ್ತಾಗದಿದ್ದರೂ, ಕಟ್ಟಿಹಾಕಿದ ಪಾಂಡಿತ್ಯ.

ತಾಮ್ರದ ಮೇಲೆ ಕಂಡಂತೆ ಕೆತ್ತಿದರೆ ಕಾಗದದ ಮೇಲೆ ಎಡ ಬಲ ಅದಲುಬದಲಾಗುತ್ತದೆ. ಮುಖವನ್ನಾದರೆ ಕೆತ್ತನೆಗಾರ ಕನ್ನಡಿ ಇಟ್ಟುಕೊಂಡು ತಿರುಗಿಸಿ ಕೆತ್ತುತ್ತಿದ್ದ, ಬೈತಲೆ ಆ ಕಡೆ ಹೋದರೆ ಪಂಡಿತರು ಸುಮ್ಮನಿರುವುದಿಲ್ಲವಲ್ಲ. ಮೈಗೆ ಯಾರು ಅಷ್ಟು ಕಷ್ಟಪಡುತ್ತಾರೆ? ಹೀಗೆ ಕೂತಣ್ಣನ ಎಡಗೈ ಪಂಡಿತರಿಗೆಲ್ಲ ಬಲಗೈ ಆಯಿತು. ಡೊಂಕು ಬೆರಳೂ ಜೊತೆಗೆ ಹೋಯಿತು.

ಮೊದಲ ಚಿತ್ರ ಇತಿಹಾಸದ ಪ್ರೊಫೆಸರೊಬ್ಬರದು. ಬೆರಳು ನೋಡಿ ಅವರು ಜಗಳಕ್ಕೆ ಬರುತ್ತಾರೆಂದು ಇಬ್ಬರೂ ಹೆದರಿದ್ದರು. ಅವರು ಬಂದದ್ದೇನೋ ಹೌದು. ಬಂದವರು ಕಣ್ಣಲ್ಲಿ ನೀರು ತಂದುಕೊಂಡು, ಜೀವಮಾನವೆಲ್ಲ ಲೇಖನಿ ಹಿಡಿದ ಕೈ ಹೀಗೇ ಇರುತ್ತದೆ, ತಾನೇ ಗಮನಿಸಿರಲಿಲ್ಲ ಎಂದರು. ಎರಡನೆಯವರು ಅದೇ ಬೆರಳು ತಮಗೂ ಬೇಕೆಂದರು. ಆಮೇಲೆ ಬೆರಳಿಲ್ಲದ ಪಂಡಿತರೇ ಉಳಿಯಲಿಲ್ಲ. ಕಾಲೇಜಿನ ಹುಡುಗರು ಬರೆಯುವಾಗ ಬಲಗೈ ಕಿರುಬೆರಳನ್ನು ಬಗ್ಗಿಸಿ ಹಿಡಿಯಲು ಕಲಿತರು. ಭಾಷಣಕಾರರು ಬೆರಳು ಬಗ್ಗಿಸಿಯೇ ನೀರಿನ ಲೋಟ ಎತ್ತಿದರು. ಊರಿನ ವಿದ್ಯೆಗೆಲ್ಲ ಗುರುತಾದ ಆ ಬೆರಳಿನ ಯಜಮಾನ ಮಾತ್ರ ನಾಲ್ಕನೇ ತರಗತಿಯಲ್ಲಿ ಬೆಂಚಿನ ಮೇಲೆ ನಿಂತವನು, ಅಲ್ಲಿಂದಲೂ ಇಳಿದು ಓಡಿಹೋದವನು.

ಇವನ ಅಮ್ಮ ದಿನವೂ ಮಧ್ಯಾಹ್ನ ಬುತ್ತಿ ತರುತ್ತಿದ್ದಳು. ಮಗ ತಿಂದು ಮುಗಿಸಿ ಡಬ್ಬಿ ಕೊಡುವವರೆಗೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಅವನು ತುತ್ತಿಗೊಮ್ಮೆ ಏಳುವುದನ್ನು ನೋಡುತ್ತಿದ್ದಳು. ಕೂಡು ಹುಬ್ಬು, ಒಳಗೆ ಹೋದ ಕಣ್ಣು. ಅವಳ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಒಂದು ಕಡೆ ಕೂತ್ಕೊಳ್ಳೋ."

ಒಮ್ಮೆ ವಕೀಲರ ಕೋಣೆಗೆ, ವೈದ್ಯರ ಕೋಣೆಗೆ ಮಾರಲು ಯಾರದ್ದೂ ಅಲ್ಲದ ಒಬ್ಬ ಪಂಡಿತನ ಮುಖ ಬೇಕಾಗಿತ್ತು. ಕೆತ್ತನೆಗಾರ ಆಚೀಚೆ ನೋಡಿದ. ಸ್ಟೂಲಿನ ಮೇಲೆ ಅಮ್ಮ ಇದ್ದಳು. ಅವಳಿಗೆ ಹೇಳದೆ ಕೇಳದೆ ಮುಖ ಬರೆದುಕೊಂಡ, ತಗಡಿಗೆ ಇಳಿಸಿದ, ಎದೆಯವರೆಗೆ ಒಂದು ಗಡ್ಡ ಹಚ್ಚಿದ, ಕೂತಣ್ಣನ ಮೈಯ ಮೇಲೆ ಕೂರಿಸಿದ. ಮೊದಲ ಪ್ರತಿಯನ್ನು ನೋಡಿ ಕೂತಣ್ಣ ನಕ್ಕೂ ನಕ್ಕೂ ಅದನ್ನು ಮನೆಗೆ ಒಯ್ದು ತೋರಿಸಿದ. ಅಮ್ಮ ನಗಲಿಲ್ಲ. ಚಿತ್ರವನ್ನು ಒಲೆಗೆ ಹಾಕಿ, ಅದರ ಉರಿಯಲ್ಲೇ ನೀರು ಕಾಯಿಸಿ, ಮರುದಿನ ಅಂಗಡಿಗೆ ಬಂದು ಕೆತ್ತನೆಗಾರನಿಂದ ತಗಡು ಉಜ್ಜಿಸಿಬಿಟ್ಟಳು. ಅಷ್ಟರಲ್ಲಿ ಕೆಲವು ಪ್ರತಿಗಳು ಮಾರಾಟವಾಗಿದ್ದವು. ಆ ಮಾತನ್ನು ಯಾರೂ ಅವಳಿಗೆ ಹೇಳಲಿಲ್ಲ.

ಅಮ್ಮ ತೀರಿಕೊಂಡಾಗ ಮೊಮ್ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಆಮೇಲೆ ತಿಳಿಯಿತು, ಮನೆಯಲ್ಲಿ ಅವಳದ್ದೊಂದು ಫೋಟೋ ಇಲ್ಲ. ಒಂದು ಮದುವೆಯ ಗುಂಪಿನ ಫೋಟೋದಲ್ಲಿ ಇದ್ದಳು. ಆದರೆ ಕ್ಯಾಮೆರಾ ಕ್ಲಿಕ್ ಎನ್ನುವ ಹೊತ್ತಿಗೆ ಸರಿಯಾಗಿ, ಓಡಿಹೋಗುತ್ತಿದ್ದ ಮಗನ ಕಡೆ ತಿರುಗಿಬಿಟ್ಟಿದ್ದಳು. ಸಿಕ್ಕದ್ದು ತುರುಬು. ಆವತ್ತಿನಿಂದ ಕೂತಣ್ಣ ಹೋದ ಹೋದ ಕಡೆಯಲ್ಲೆಲ್ಲ ಗೋಡೆ ನೋಡುತ್ತಿದ್ದ. ಹಲ್ಲು ನೋವಿಲ್ಲದೆ ಹಲ್ಲಿನ ವೈದ್ಯರ ಹತ್ತಿರ ಹೋದ. ಮೊಕದ್ದಮೆ ಇಲ್ಲದೆ ವಕೀಲರ ಮೆಟ್ಟಿಲು ಹತ್ತಿದ. ಎಲ್ಲ ಕಡೆ ತನ್ನ ಕೈ ಇತ್ತು, ಅಮ್ಮನ ಮುಖ ಇರಲಿಲ್ಲ. ಕೆತ್ತನೆಗಾರನೂ ಹೋದ. ಉಳಿ ಹಿಡಿದವನೂ ಉಳಿಯುವುದಿಲ್ಲ.

ಮಗಳು ಬೆಳೆದು ಶಾಲೆಯಲ್ಲಿ ಲೆಕ್ಕದ ಟೀಚರ್ ಆದಳು. ಅದೇ ಶಾಲೆಯ ಭೂಗೋಳದ ಮೇಷ್ಟ್ರನ್ನು ಮೆಚ್ಚಿಕೊಂಡಳು. ಹುಡುಗನ ಅಪ್ಪ ಕಾಗದದ ವ್ಯಾಪಾರಿ, ಹಳೆಯ ಅಂಗಡಿ, ಒಳ್ಳೆಯ ಮನೆ. ಹುಡುಗನ ತಾಯಿ ಮಾತ್ರ ಬಿಗಿ. ಗಂಡನ ತಾತ ವ್ಯಾಕರಣದ ಮಹಾಪಂಡಿತರಂತೆ. ಆ ವಂಶ ನೋಡಿಯೇ ಆಕೆಯ ತವರಿನವರು ಹೆಣ್ಣು ಕೊಟ್ಟದ್ದಂತೆ. ಸೊಸೆಯೂ ವಿದ್ಯಾವಂತರ ಮನೆಯಿಂದಲೇ ಬರಬೇಕಂತೆ. ನಿನ್ನ ಅಪ್ಪ ಏನು ಮಾಡುತ್ತಾರೆ ಎಂದು ಆಕೆ ಕೇಳಿದಾಗ ಮಗಳು ವಿದ್ವಾಂಸರ ನಡುವೆ ಇರುತ್ತಾರೆ ಎಂದಿದ್ದಳು. ಸುಳ್ಳೇನಲ್ಲ. ಅವರ ಕತ್ತಿನ ಕೆಳಗೇ ಇದ್ದ.

ಆ ಮನೆಗೆ ಚಹಾಕ್ಕೆ ಹೊರಟ ದಿನ ಮಗಳು ಅಪ್ಪನ ಅಂಗಿಯ ಗುಂಡಿ ಹಾಕುತ್ತಾ, ಜೀವನದಲ್ಲಿ ತನಗೆ ಬೇಕಾಗಿರುವುದು ಇದೊಂದೇ ಎಂದಳು. "ಅಪ್ಪಾ, ಕುರ್ಚಿಯ ವಿಷಯ ಎತ್ತಬೇಡ. ಬೆರಳನ್ನ ತೋರಿಸಬೇಡ. ಚಹಾ ಕುಡಿಯೋಷ್ಟು ಹೊತ್ತು ಸುಮ್ನೆ ಕೂತ್ಕೋ, ಸಾಕು."

"ಟವೆಲ್ ತಗೊಂಡು ಹೋಗೋಣ್ವಾ?" ಎಂದಳು ಹೆಂಡತಿ.

ಕಾಗದದ ವ್ಯಾಪಾರಿಯ ಮುಂದಿನ ಕೋಣೆಗೆ ಕಾಲಿಟ್ಟದ್ದೇ ಕೂತಣ್ಣನ ಎಡಗೈ ತಾನಾಗಿ ಜೇಬಿಗೆ ಹೋಯಿತು. ಮೂರು ಗೋಡೆಗಳ ಮೇಲೂ ಪಂಡಿತರು. ಖಗೋಳ, ಕಾವ್ಯ, ಕಾನೂನು. ಎಲ್ಲರೂ ಅವನ ಕೈಯನ್ನು ಅವನ ಡಬ್ಬಿಯ ಮೇಲೆ ಇಟ್ಟುಕೊಂಡು ಕೂತಿದ್ದರು. ಮನೆಯಾಕೆ ಇವರನ್ನು ಕೂರಿಸಲಿಲ್ಲ. ಆ ಮನೆಯಲ್ಲಿ ಬಂದವರು ಮೊದಲು ವ್ಯಾಕರಣದ ದೊಡ್ಡತಾತನಿಗೆ ತಲೆಬಾಗಿ ಆಮೇಲೆ ಕೂರುವ ರೂಢಿ. ಕಿಟಕಿಯ ಎದುರಿನ ಗೋಡೆಯ ಮೇಲೆ, ಚಿನ್ನದ ಬಣ್ಣದ ಕಟ್ಟಿನಲ್ಲಿ ದೊಡ್ಡತಾತ ಇದ್ದರು. ಕೂತಣ್ಣ ತಲೆಬಾಗಿಸಿ, ಎತ್ತಿದ.

ಕೂಡು ಹುಬ್ಬು. ಒಳಗೆ ಹೋದ ಕಣ್ಣು. ಎದೆಯವರೆಗೆ ಗಡ್ಡ.

ಅವನ ಹೆಂಡತಿಗೂ ಗೊತ್ತಾಗಿತ್ತು. ಗೋಡೆಯ ಮೇಲಿಂದ ಅತ್ತೆಯ ಕಣ್ಣು ತನ್ನ ಮೇಲೆ ಬಿದ್ದದ್ದೇ ಆಕೆ ಎಷ್ಟೋ ವರ್ಷಗಳ ಅಭ್ಯಾಸದಿಂದ, ಕೂರುವ ಮೊದಲೇ ಮೇಜಿನ ಮೇಲಿಂದ ಎತ್ತಿಕೊಂಡಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸ್ ಇಟ್ಟಳು.

"ಆ ನೋಟ ನೋಡಿ," ಎಂದಳು ಮನೆಯಾಕೆ ಮೆಲ್ಲಗೆ. "ಯಾವುದೋ ಬಿಡಿಸಲಾಗದ ಪ್ರಶ್ನೆಯನ್ನೇ ನೋಡ್ತಾ ಇದ್ದಾರೆ ಅನ್ಸುತ್ತೆ."

ಕೂತಣ್ಣ ಹೌದೆಂದ. ಆ ಪ್ರಶ್ನೆ ತಾನೇ ಎಂದು ಅವನಿಗೆ ಗೊತ್ತಿತ್ತು. ತುತ್ತಿಗೊಮ್ಮೆ ಎದ್ದು ಓಡಾಡುತ್ತಿದ್ದ ಮಗನನ್ನು ಸ್ಟೂಲಿನ ಮೇಲಿಂದ ನೋಡುತ್ತಿದ್ದ ನೋಟ ಅದು. ಊರಿನ ಯಾವ ಪಂಡಿತನಿಗೂ ಅಂಥ ನೋಟ ಸಿಕ್ಕಿರಲಿಲ್ಲ.

ಕೂರಿಸಿದರು. ಅವನು ಕೂತ. ಮೊಣಕಾಲು ಶುರುವಾಯಿತು. ಬಲಗೈಯಲ್ಲಿ ಕಪ್ಪು, ಎಡಗೈ ಜೇಬಿನಲ್ಲಿ, ತೊಡೆಯ ಮೇಲೆ ಸಾಸರು. ಸಾಸರಿನಲ್ಲಿ ಚಮಚ ಕಿಣಿಕಿಣಿ ಎನ್ನತೊಡಗಿತು. ಮಗಳು ಕಣ್ಣಲ್ಲೇ ಬೇಡಿಕೊಂಡಳು. ಎದುರಿಗೆ ಕಾಗದದ ವ್ಯಾಪಾರಿ ಬಲಗೈ ಕಿರುಬೆರಳನ್ನು ಅಚ್ಚುಕಟ್ಟಾಗಿ ಬಗ್ಗಿಸಿ ಕಪ್ಪು ಹಿಡಿದು, ತಾತನವರು ಊಟ ಬಿಟ್ಟಾದರೂ ವ್ಯಾಕರಣ ಬಿಡುತ್ತಿರಲಿಲ್ಲ ಎಂದು ಯಾವಾಗಲೂ ಹೇಳುವುದನ್ನು ಹೇಳುತ್ತಿದ್ದ. ಕೂತಣ್ಣನಿಗೆ ಒಂದು ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ನಾಲ್ಕು ಹೆಜ್ಜೆ ಓಡಿ ಆ ಕಟ್ಟನ್ನು ಗೋಡೆಯಿಂದ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಬೀದಿಗಿಳಿದರೆ ಯಾರು ಏನು ಮಾಡಿಯಾರು ಎಂದು ಒಂದು ಮನಸ್ಸು. ಮಗಳ ಮುಖ ನೋಡು ಎಂದು ಇನ್ನೊಂದು.

ಆಗ ಮಗಳು ಖಾಲಿ ಕಪ್ಪುಗಳನ್ನು ತೆಗೆಯಲು ಎದ್ದು, ಸರಿಯಾಗಿ ಆ ಚಿತ್ರದ ಕೆಳಗೆ ನಿಂತಳು. ಕಿಟಕಿಯ ಬೆಳಕು ಇಬ್ಬರ ಮೇಲೂ ಬಿತ್ತು.

"ಒಂದು ನಿಮಿಷ, ಹಾಗೇ ನಿಂತ್ಕೊಳ್ಳಮ್ಮ," ಎಂದಳು ಮನೆಯಾಕೆ.

ಮೊದಲು ಆಕೆಗೆ ಹಿಗ್ಗಾಯಿತು. ದೊಡ್ಡತಾತನ ಹುಬ್ಬೇ ಈ ಹುಡುಗಿಗೆ ಇದೆ, ಕಣ್ಣೂ ಅದೇ ಎಂದು ಗಂಡನನ್ನೂ ಮಗನನ್ನೂ ಕರೆದು ತೋರಿಸಿದಳು. ತೋರಿಸುತ್ತಾ ತೋರಿಸುತ್ತಾ ಹಿಗ್ಗು ಕುಗ್ಗಿತು. ನಿಮ್ಮ ಹಿರಿಯರು ಯಾವ ಕಡೆಯವರು, ನಿಮ್ಮ ತಾತ ಏನಾಗಿದ್ದರು, ಹಳೆಯ ಕಾಲದಲ್ಲಿ ಯಾರಾದರೂ ಮನೆ ಬಿಟ್ಟು ಹೋದವರುಂಟೋ ಎಂದು ಒಂದೊಂದಾಗಿ ಕೇಳಿದಳು. ಹುಡುಗ ನಕ್ಕು ಮಾತು ತೇಲಿಸಲು ನೋಡಿದ. ಆಕೆ ನಗಲಿಲ್ಲ.

"ಇದು ಬರೀ ಹೋಲಿಕೆ ಅಲ್ಲ. ಎರಡೂ ಮನೆ ರಕ್ತ ಒಂದೇ. ಹಾಗಿದ್ರೆ ಇವರಿಬ್ಬರೂ ಅಣ್ಣ ತಂಗಿ ಆದ ಹಾಗಾಯ್ತು. ಈ ಮದುವೆ ಹೇಗೆ ನಡೆಯುತ್ತೆ?"

ಮಗಳು ಕೈಯಲ್ಲಿದ್ದ ಕಪ್ಪುಗಳನ್ನು ಮತ್ತೆ ಮೇಜಿನ ಮೇಲೆ ಇಟ್ಟಳು. ಕಾಗದದ ವ್ಯಾಪಾರಿಯ ಮುಖ ಬರೆಯದ ಕಾಗದದಂತೆ ಬೆಳ್ಳಗಾಗಿತ್ತು. ಅವನು ಹೆಂಡತಿಯನ್ನು ನೋಡುತ್ತಿರಲಿಲ್ಲ, ಮಗನನ್ನು ನೋಡುತ್ತಿರಲಿಲ್ಲ, ಚಿತ್ರವನ್ನೂ ನೋಡುತ್ತಿರಲಿಲ್ಲ. ಕೂತಣ್ಣನಿಗೆ ಆಗ ಹೊಳೆಯಿತು: ಅದು ತನ್ನ ತಾತ ಅಲ್ಲವೆಂದು ಇವನಿಗೆ ಗೊತ್ತಿದೆ. ಮದುವೆಯಾದಾಗಿನಿಂದ ಗೊತ್ತಿದೆ. ಈಗ ಹೇಳಿದರೆ ಮಗನ ಮದುವೆ ಉಳಿದೀತು, ತನ್ನದು ಉಳಿಯುವುದೋ ಇಲ್ಲವೋ.

ಅದು ನಮ್ಮಮ್ಮ ಎಂದರೆ ಸಾಕಿತ್ತು. ಎರಡು ಪದ. ರಕ್ತದ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಚಿತ್ರವೂ ಕಂಕುಳಿಗೆ ಬರುತ್ತಿತ್ತು. ಆದರೆ ಅಷ್ಟು ವರ್ಷ ಗಡ್ಡದ ಹೆಂಗಸಿಗೆ ತಲೆಬಾಗಿದೆ ಎಂದು ತಿಳಿದ ಈ ಹೆಂಗಸು, ಅದನ್ನು ತಿಳಿಸಿದವನ ಮಗಳನ್ನು ಮನೆ ತುಂಬಿಸಿಕೊಳ್ಳುತ್ತಾಳೆಯೇ?

ಮೊಣಕಾಲು ಅವನನ್ನು ಎಬ್ಬಿಸಿ ನಿಲ್ಲಿಸಿತು. ಸಾಸರು ಉರುಳಿ ರತ್ನಗಂಬಳಿಯ ಮೇಲೆ ಬಿತ್ತು. ಕೂತಣ್ಣ ಗೋಡೆಯ ಹತ್ತಿರ ಹೋದ, ಜೇಬಿನಿಂದ ಎಡಗೈ ತೆಗೆದ, ಚಿತ್ರದ ಗಾಜಿನ ಮೇಲೆ, ಕೆತ್ತಿದ ಕೈಯ ಪಕ್ಕದಲ್ಲಿ ಇಟ್ಟ. ಒಂದೇ ಕೊಕ್ಕೆ, ಕನ್ನಡಿಯಲ್ಲಿ ಹಿಡಿದ ಹಾಗೆ.

"ತಾಯೀ, ಈ ಕೈ ನನ್ನದು," ಎಂದ. "ಮೈಯೂ ನನ್ನದೇ. ಪಂಡಿತರಿಗೆ ಪುರುಸೊತ್ತಿರಲಿಲ್ಲ, ಅವರ ಬದಲು ನಾನು ಕೂರ್ತಿದ್ದೆ, ಅದೇ ನನ್ನ ಕಸುಬು. ಈ ಬೆರಳು ಬರೆದು ಬರೆದು ಡೊಂಕಾದದ್ದಲ್ಲ, ರೋಲರಿಗೆ ಸಿಕ್ಕಿದ್ದು. ಕೆತ್ತನೆಗಾರ ದಿನವಿಡೀ ನನ್ನ ಮುಖವನ್ನೇ ನೋಡ್ತಾ ಕೂತವನು, ಅವನ ಉಳಿಗೆ ನನ್ನ ಛಾಯೆ ಒಂಚೂರು ಅಂಟಿಕೊಂಡಿರಬೇಕು. ಮಗಳಿಗೆ ನನ್ನ ಹೋಲಿಕೆ. ಅಷ್ಟೇ. ಇದು ರಕ್ತ ಅಲ್ಲ, ಮಸಿ."

ಮನೆಯಾಕೆ ಎದ್ದು ಖಗೋಳದ ಹತ್ತಿರ ಹೋದಳು, ಬೆರಳು ನೋಡಿದಳು. ಕಾವ್ಯದ ಹತ್ತಿರ ಹೋದಳು, ಬೆರಳು ನೋಡಿದಳು. ಕಾನೂನಿನ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡೇ ನೋಡಿದಳು. ಅಷ್ಟರಲ್ಲಿ ಅವಳ ಗಂಡನ ಬಲಗೈ ಕಿರುಬೆರಳು, ಯಾರಿಗೂ ಕಾಣದ ಹಾಗೆ, ಮೆಲ್ಲಮೆಲ್ಲಗೆ ನೆಟ್ಟಗಾಯಿತು. ಮಗಳು ಕಿವಿಯವರೆಗೆ ಕೆಂಪಾಗಿ ನೆಲ ನೋಡುತ್ತಿದ್ದಳು. ಮುಚ್ಚಿಡು ಎಂದದ್ದೆಲ್ಲವನ್ನೂ ಅಪ್ಪ ಒಂದೇ ಉಸಿರಿನಲ್ಲಿ ಬಿಚ್ಚಿಟ್ಟಿದ್ದ.

ಮನೆಯಾಕೆ ತಿರುಗಿ ಬಂದು ಕೂತಣ್ಣನ ಎದುರು ನಿಂತಳು. "ಕೈ ನಿಮ್ಮದು. ಒಪ್ಪಿದೆ. ಮುಖ? ಮುಖ ನಮ್ಮ ದೊಡ್ಡತಾತಂದೇ ತಾನೆ?"

ಕೂತಣ್ಣ ಅಮ್ಮನನ್ನು ನೋಡಿದ. ಅಮ್ಮ ಅವನನ್ನು ನೋಡಿದಳು, ಎಂದಿನ ಹಾಗೆ.

"ನಿಮ್ಮ ದೊಡ್ಡತಾತಂದೇ," ಎಂದ.

ಹಿಂದೆ ಅವನ ಹೆಂಡತಿ ಉಸಿರು ಬಿಟ್ಟದ್ದು ಕೇಳಿಸಿತು. ಮನೆಯಾಕೆ ಕುರ್ಚಿಯ ಮೇಲೆ ಕುಸಿದು ಕೂತು, ಭುಜ ಕುಲುಕಿಸಿ ನಗತೊಡಗಿದಳು. ತನ್ನ ತಮ್ಮ ಕಿರುಬೆರಳು ಹೀಗೆ ಬಗ್ಗಲೆಂದು ಎಂಟು ವರ್ಷ ಅದಕ್ಕೆ ದಾರ ಕಟ್ಟಿಕೊಂಡು ಮಲಗಿದ್ದನಂತೆ, ಪರೀಕ್ಷೆಯಲ್ಲಿ ಮಾತ್ರ ಒಂದು ಸಲವೂ ಪಾಸಾಗಲಿಲ್ಲವಂತೆ. ಇವರು ಕೂತು ಸಂಪಾದಿಸಿದವರು, ನಮ್ಮ ಮನೆಯ ಗಂಡಸರಂತೆ ಸುಮ್ಮನೆ ಕೂತವರಲ್ಲ ಎಂದು ಗಂಡನಿಗೆ ಒಂದು ಮಾತು ಚುಚ್ಚಿ, ಮದುವೆಯ ದಿನದ ಮಾತು ತೆಗೆದಳು.

ಹೊರಡುವಾಗ ಕಾಗದದ ವ್ಯಾಪಾರಿ ಗೇಟಿನವರೆಗೆ ಬಂದ. ಹೆಂಗಸರು ಮುಂದೆ ಹೋಗುವವರೆಗೆ ಗೇಟಿನ ಚಿಲಕವನ್ನು ಸುಮ್ಮಸುಮ್ಮನೆ ತೆಗೆಯುತ್ತಾ ಹಾಕುತ್ತಾ ನಿಂತಿದ್ದ. ಈ ಮನುಷ್ಯನೂ ನನ್ನ ಜಾತಿಯವನೇ ಎಂದುಕೊಂಡ ಕೂತಣ್ಣ.

"ನಮ್ಮಪ್ಪ ರದ್ದಿ ಕಾಗದದ ಜೊತೆ ತಂದದ್ದು ಅದು," ಎಂದ ವ್ಯಾಪಾರಿ. "ಗಂಡು ನೋಡೋಕೆ ಇವಳ ಮನೆಯವರು ಬರೋ ದಿನ ಗೋಡೆ ಖಾಲಿ ಇತ್ತು, ಹಾಕಿದ್ರು. ಆಮೇಲೆ ಇಳಿಸೋಕೆ ಆಗಲಿಲ್ಲ. ಇಷ್ಟು ವರ್ಷ ಒಂದೇ ಯೋಚನೆ ನನಗೆ. ಯಾರ್ರೀ ಅವರು?"

"ನಮ್ಮಮ್ಮ."

ವ್ಯಾಪಾರಿ ಚಿಲಕ ಬಿಟ್ಟ. ಮೆಲ್ಲಗೆ ಕೇಳಿದ: "ಗಡ್ಡ?"

"ಗಡ್ಡ ಕೆತ್ತನೆಗಾರನದು."

ಇಬ್ಬರೂ ನಗಲಿಲ್ಲ. ವ್ಯಾಪಾರಿಯ ಕಣ್ಣು ಒದ್ದೆಯಾಗಿತ್ತು. ಈಗಲೇ ಇಳಿಸಿ ಕೊಟ್ಟುಬಿಡುತ್ತಿದ್ದೆ, ಆದರೆ ಅವಳಿಗೆ ಏನು ಹೇಳಲಿ ಎಂದ. ಕೂತಣ್ಣ ಬೇಡ ಎಂದ. ಮಗಳು ಹೊಸ ಮನೆಗೆ ಬರುತ್ತಿದ್ದಾಳೆ, ನಮ್ಮ ಕಡೆಯವರೊಬ್ಬರು ಮೊದಲೇ ಬಂದು ಕೂತಿದ್ದರೆ ಅವಳಿಗೂ ಧೈರ್ಯ ಎಂದ. ಹೇಳಿದವನು ಬೀದಿಯ ತಿರುವಿನವರೆಗೆ ಹೋಗಿ, ಮತ್ತೆ ಗೇಟಿಗೆ ಬಂದು, ಗಾಜಿನ ಮೇಲೆ ಧೂಳು ಕೂತಿದೆ, ಒಣ ಬಟ್ಟೆಯಲ್ಲಿ ಒರೆಸಿ, ಒದ್ದೆ ಬಟ್ಟೆ ಬೇಡ ಎಂದು ಹೇಳಿ ಹೋದ.

ಮದುವೆಯಾಯಿತು. ಈಗ ಕೂತಣ್ಣ ಭಾನುವಾರ ಬಂತೆಂದರೆ ಮಗಳ ಮನೆಗೆ ಹಾಜರ್. ನನ್ನನ್ನು ನೋಡೋಕೆ ಬರ್ತೀಯೋ, ಗೋಡೆ ನೋಡೋಕೋ ಎಂದು ಮಗಳು ಛೇಡಿಸುತ್ತಾಳೆ. ಅವಳಿಗೆ ಕೂತಣ್ಣನ ಹೆಂಡತಿ ಒಂದು ದಿನ ಅಡಿಗೆ ಮನೆಯಲ್ಲಿ ಪಿಸುಮಾತಿನಲ್ಲಿ ಎಲ್ಲ ಹೇಳಿದ್ದಾಳೆ. ಬೀಗಿತ್ತಿಗೆ ಮಾತ್ರ ಬೀಗರ ಭಕ್ತಿ ಕಂಡು ಆಶ್ಚರ್ಯ. ದೊಡ್ಡತಾತನ ಎದುರು ಕೂತಷ್ಟು ಹೊತ್ತು ಆ ಮನುಷ್ಯನ ಮೊಣಕಾಲು ಒಂದು ಸಲವೂ ಅಲುಗುವುದಿಲ್ಲ, ವ್ಯಾಕರಣದ ಶಕ್ತಿ ಅಂಥದ್ದು ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ಹಾಗೆಂದು ಹೆಚ್ಚು ಹೊತ್ತೇನೂ ಅಲ್ಲ. ಕಳೆದ ಭಾನುವಾರ ಅರ್ಧ ಚಹಾದಲ್ಲೇ ಕಪ್ಪು ಕೆಳಗಿಟ್ಟು, ಏನೋ ನೆನಪಾಯಿತೆಂದು ಎದ್ದ. ಬಾಗಿಲ ಹತ್ತಿರ ಹೋಗಿ ಚಪ್ಪಲಿಗೆ ಕಾಲು ತೂರಿಸುವಾಗ ಬೆನ್ನಿನ ಮೇಲೆ ಏನೋ ಚುಚ್ಚಿದಂತಾಯಿತು. ತಿರುಗಿ ನೋಡಿದ. ಚಪ್ಪಲಿ ಬಿಟ್ಟ, ಬಂದು ಕೂತ, ತಣ್ಣಗಾದ ಚಹಾವನ್ನು ಕೊನೆಯ ಗುಟುಕಿನವರೆಗೆ ಕುಡಿದ. ಕಪ್ಪನ್ನು ಬಗ್ಗಿಸಿ, ಖಾಲಿಯಾಗಿದೆ ನೋಡು ಎಂಬಂತೆ, ಗೋಡೆಯ ಕಡೆಗೆ ತೋರಿಸಿದ. ಆಮೇಲೆ ಎದ್ದ.